ಡೇಟಾ ಸೈನ್ಸ್‌ಗೆ ಹೋಗುವವರು ಮೊದಲು ವೆಬ್ ಡೆವಲಪ್‌ಮೆಂಟ್ ಕಲಿಯಬೇಕಾ?

ಪ್ರಶ್ನೆ: ಮೇಡಂ, ನಾನು ಚನ್ನಗಿರಿ ತಾಲ್ಲೂಕಿನವಳು. ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ಡೇಟಾ ಸೈಂಟಿಸ್ಟ್ ಆಗಬೇಕು ಅಂತ ಆಸೆ. ಒಂದು ಕೋಚಿಂಗ್ ಸೆಂಟರ್‌ನಲ್ಲಿ ವಿಚಾರಿಸಿದಾಗ, ಮೊದಲು ಆರು ತಿಂಗಳು ಫುಲ್ ಸ್ಟ್ಯಾಕ್ ವೆಬ್ ಡೆವಲಪ್‌ಮೆಂಟ್ (ವೆಬ್‌ಸೈಟಿನ ಮುಂಭಾಗ, ಹಿಂಭಾಗ ಎರಡೂ ಕಟ್ಟುವುದು), ಆಮೇಲೆ ಮೂರು ತಿಂಗಳು ಡೇಟಾ ಸೈನ್ಸ್ ಅಂದರು. ಫೀಸು 1 ಲಕ್ಷ 20 ಸಾವಿರ. ಬೆಂಗಳೂರಿನಲ್ಲಿ ವೆಬ್ ಡೆವಲಪರ್ ಆಗಿರುವ ನಮ್ಮ ದೊಡ್ಡಮ್ಮನ ಮಗನೂ ಅದೇ ಸರಿ ಅಂತಾನೆ. ನನಗೆ ಪೈಥಾನ್ ಸ್ವಲ್ಪ ಬರುತ್ತದೆ. ಗಣಿತ ಅಂದರೆ ಒಂಚೂರು ಭಯ. ಅಪ್ಪ ಅಡಿಕೆ ಬೆಳೆಗಾರರು, ದುಡ್ಡು ಹೊಂದಿಸೋಕೆ ಒಪ್ಪಿದ್ದಾರೆ. ನನಗೇ ಧೈರ್ಯ ಬರುತ್ತಿಲ್ಲ. ವೆಬ್ ಮೊದಲು ಕಲಿಯಲೇಬೇಕಾ?

ಉತ್ತರ: ಬೇಕಿಲ್ಲ. ಆ ಕೋರ್ಸಿಗೆ ದುಡ್ಡು ಕಟ್ಟಬೇಡಿ.

ಹಾಗಂತ ವೆಬ್ ಗೊತ್ತಿಲ್ಲದಿದ್ದರೂ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಡೇಟಾ ಕೆಲಸಕ್ಕೆ ವೆಬ್‌ನ ಒಂದು ಸಣ್ಣ ಭಾಗ ಖಂಡಿತ ಬೇಕು. ಆ ಭಾಗವನ್ನು ಡೇಟಾ ಕೆಲಸ ಮಾಡುತ್ತಲೇ, ಎಲ್ಲಿ ತೊಡಕು ಬಂತೋ ಅಲ್ಲಿ ನಿಂತು ಕಲಿತರೆ ಸಾಕು. ಆರು ತಿಂಗಳು ಬೇಡ, ಮೂರು ವಾರ ಧಾರಾಳ. ಈ ಕ್ರಮ ಯಾಕೆ ಅಂತ ನಿಮ್ಮ ಮನೆಯ ಅಡಿಕೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅದಕ್ಕೂ ಮುಂಚೆ ನಿಮ್ಮ ಅಣ್ಣನ ಮಾತು. ಅವರು ಹೇಳಿದ್ದು ಅವರ ಅನುಭವದ ಮಾತು, ಅದರಲ್ಲಿ ತಪ್ಪಿಲ್ಲ. ಫ್ರೆಶರ್‌ಗಳಿಗೆ ವೆಬ್ ಕೆಲಸ ಜಾಸ್ತಿ ಸಿಗುತ್ತದೆ. ಕಲಿತದ್ದು ಕಣ್ಣಿಗೆ ಕಾಣುತ್ತದೆ. ಒಂದು ಪೇಜ್ ಮಾಡಿ ಮೊಬೈಲಿನಲ್ಲಿ ತೋರಿಸಿದರೆ ಮನೆಯವರಿಗೂ ಖುಷಿ. ಜೊತೆಗೆ ಪೈಥಾನ್ ಎರಡೂ ಕಡೆ ಇದೆ, ಗೊಂದಲ ಹುಟ್ಟುವುದು ಅಲ್ಲೇ. 2005ರಲ್ಲಿ ಹೊರಬಂದ ಜ್ಯಾಂಗೋ ಅನ್ನೋ ಪೈಥಾನ್ ವೆಬ್ ಫ್ರೇಮ್‌ವರ್ಕ್, ಅಂದರೆ ವೆಬ್‌ಸೈಟ್ ಕಟ್ಟಲು ಸಿದ್ಧ ಚೌಕಟ್ಟು, ಅಮೆರಿಕದ ಕಾನ್ಸಾಸ್‌ನ ಒಂದು ಪತ್ರಿಕೆಯ ಆಫೀಸಿನಲ್ಲಿ ಹುಟ್ಟಿದ್ದು. ಸುದ್ದಿ ಪುಟಗಳನ್ನು ಬೇಗ ಬೇಗ ಕಟ್ಟಬೇಕಿತ್ತು, ಅದಕ್ಕೆ. ಡೇಟಾದವರು ದಿನವಿಡೀ ಬಳಸುವ ಪಾಂಡಾಸ್ ಶುರುವಾಗಿದ್ದು 2008ರಲ್ಲಿ, ಹಣ ಹೂಡಿಕೆಯ ಸಂಸ್ಥೆಯೊಂದರಲ್ಲಿ. ಅಲ್ಲಿ ವೆಸ್ ಮೆಕಿನ್ನಿ ಅನ್ನುವವರಿಗೆ ಬೆಲೆಗಳ ಕೋಷ್ಟಕವನ್ನು ಸಲೀಸಾಗಿ ಆಡಿಸುವ ಒಂದು ಸಾಧನ ಬೇಕಿತ್ತು. ಭಾಷೆ ಒಂದೇ, ಹುಟ್ಟಿದ ಅಗತ್ಯ ಬೇರೆ ಬೇರೆ. ಒಂದನ್ನು ಕಲಿತರೆ ಇನ್ನೊಂದು ತಾನಾಗಿ ಬರುವುದಿಲ್ಲ.

ಈಗ ಅಡಿಕೆಗೆ ಬರೋಣ.

ಶಿವಮೊಗ್ಗ, ಚನ್ನಗಿರಿ ಕಡೆಯ ಅಡಿಕೆ ದರ ನಿಮ್ಮ ಮನೆಯಲ್ಲಿ ದಿನಾ ನೋಡುತ್ತಾರೆ, ಅಲ್ವಾ? ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆಗಳು. ಪ್ರತಿಯೊಂದಕ್ಕೂ ಕ್ವಿಂಟಲ್‌ಗೆ ಕನಿಷ್ಠ ದರ, ಗರಿಷ್ಠ ದರ. ಈ ಅಂಕಿಗಳು ಪತ್ರಿಕೆಯಲ್ಲಿ ಬರುತ್ತವೆ, ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ಇರುತ್ತವೆ, ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲೂ ಸಿಗುತ್ತವೆ. ಇದನ್ನೇ ನಿಮ್ಮ ಮೊದಲ ಪ್ರಾಜೆಕ್ಟ್ ಮಾಡಿಕೊಳ್ಳಿ. ಪ್ರಶ್ನೆ ಸರಳವಾಗಿರಲಿ: ಕಳೆದ ಮೂರು ವರ್ಷದಲ್ಲಿ ಅಡಿಕೆ ದರ ಯಾವ ತಿಂಗಳಲ್ಲಿ ಏರಿದೆ, ಯಾವಾಗ ಇಳಿದಿದೆ?

ನೋಡಿದರೆ ಸುಲಭ. ಎಲ್ಲಾ ದಿನದ ದರ ತೆಗೆದುಕೊಂಡು ಸರಾಸರಿ ಮಾಡಿ ಗ್ರಾಫ್ ಹಾಕಿದರೆ ಮುಗಿಯಿತು ಅನ್ನಿಸುತ್ತದೆ. ಮಾಡಿ ನೋಡಿ, ಮೊದಲ ಏಟು ಅಲ್ಲೇ ಬೀಳುತ್ತದೆ.

ಲೆಕ್ಕ ಸುಲಭವಾಗಲಿ ಅಂತ ನಾನೇ ಕೆಲವು ಅಂಕಿ ಹಾಕುತ್ತೇನೆ, ಇವು ನಿಜವಾದ ದರ ಅಲ್ಲ. ಸೋಮವಾರ ಮಾರುಕಟ್ಟೆಗೆ 100 ಕ್ವಿಂಟಲ್ ರಾಶಿ ಬಂತು, ದರ 50,000. ಗೊರಬಲು 20 ಕ್ವಿಂಟಲ್ ಬಂತು, ದರ 30,000. ಎಲ್ಲಾ ಸೇರಿಸಿ ಕ್ವಿಂಟಲ್‌ಗೆ ಸರಾಸರಿ 46,667 ರೂಪಾಯಿ. ಮಂಗಳವಾರ ರಾಶಿ 40 ಕ್ವಿಂಟಲ್ ಮಾತ್ರ ಬಂತು, ದರ 51,000ಕ್ಕೆ ಏರಿತು. ಗೊರಬಲು 80 ಕ್ವಿಂಟಲ್ ಬಂತು, ದರ 31,000ಕ್ಕೆ ಏರಿತು. ಈಗ ಸರಾಸರಿ 37,667. ಎರಡೂ ಬಗೆಯ ದರ ಒಂದೊಂದು ಸಾವಿರ ಏರಿದೆ. ಸರಾಸರಿ ಮಾತ್ರ ಒಂಬತ್ತು ಸಾವಿರ ಇಳಿದಿದೆ!

ಕೋಡ್‌ನಲ್ಲಿ ಒಂದೂ ತಪ್ಪಿಲ್ಲ. ಗ್ರಾಫ್ ಚೆನ್ನಾಗಿಯೇ ಬಂದಿರುತ್ತದೆ. ಅದನ್ನು ಒಂದು ಚಂದದ ವೆಬ್‌ಸೈಟಿನಲ್ಲಿ ಹಾಕಿದರೆ ಇನ್ನೂ ನಂಬುವ ಹಾಗೆ ಕಾಣುತ್ತದೆ. ಆದರೆ ಅದನ್ನು ನಂಬಿ, ದರ ಬಿದ್ದಿದೆ ಅಂತ ಹೆದರಿ ಮಾಲು ಮಾರಿದ ರೈತರಿಗೆ ನಷ್ಟ. ಬೆರಕೆ ಬದಲಾದಾಗ ಒಟ್ಟು ಸರಾಸರಿ ಹೀಗೆ ದಾರಿ ತಪ್ಪಿಸುವುದಕ್ಕೆ ಸಿಂಪ್ಸನ್ಸ್ ಪ್ಯಾರಡಾಕ್ಸ್ ಅಂತ ಹೆಸರಿದೆ. 1951ರಲ್ಲಿ ಎಡ್ವರ್ಡ್ ಸಿಂಪ್ಸನ್ ಇದರ ಬಗ್ಗೆ ಬರೆದ ಲೇಖನದಿಂದ ಬಂದ ಹೆಸರು. ನಿಮ್ಮ ಅಪ್ಪನವರನ್ನು ಕೇಳಿದರೆ ಹೆಸರು ಗೊತ್ತಿಲ್ಲದಿದ್ದರೂ ವಿಷಯ ಗೊತ್ತಿರುತ್ತದೆ. "ರಾಶಿಗೂ ಗೊರಬಲಿಗೂ ಸೇರಿಸಿ ಯಾರಾದರೂ ದರ ಹೇಳ್ತಾರೇನಮ್ಮ?" ಅಂತಾರೆ.

ಡೇಟಾ ಸೈಂಟಿಸ್ಟ್‌ಗೆ ಸಂಬಳ ಕೊಡುವುದು ಈ ಕಣ್ಣಿಗೆ. ಅಂಕಿಯನ್ನು ನೋಡಿದ ಕೂಡಲೇ, ಇದರೊಳಗೆ ಏನೇನು ಬೆರೆತಿದೆ ಅಂತ ಅನುಮಾನ ಬರಬೇಕು. ಭಾನುವಾರ ಮಾರುಕಟ್ಟೆ ಇಲ್ಲ, ಆ ದಿನದ ಜಾಗದಲ್ಲಿ ಸೊನ್ನೆ ಇದೆಯಾ, ಖಾಲಿ ಇದೆಯಾ? ಸೊನ್ನೆ ಇದ್ದರೆ ಸರಾಸರಿ ಕೆಡುತ್ತದೆ. ಹಬ್ಬದ ವಾರ ಆವಕ ಕಮ್ಮಿ, ಎರಡೇ ಲಾಟ್ ಬಂದಿದ್ದರೆ ಆ ದರಕ್ಕೆ ಎಷ್ಟು ತೂಕ ಕೊಡಬೇಕು? ಒಂದು ಕಡೆ ರಾಶಿ ಅಂತ ಬರೆದಿದ್ದಾರೆ, ಇನ್ನೊಂದು ಕಡೆ ರಾಶಿ ಇಡಿ ಅಂತಿದೆ, ಎರಡೂ ಒಂದೇನಾ? ಈ ಪ್ರಶ್ನೆಗಳು ಬರುವುದು ಸಂಖ್ಯಾಶಾಸ್ತ್ರ ಓದಿ, ಕೊಳೆ ಡೇಟಾದಲ್ಲಿ ಕೈ ಹಾಕಿ ಒದ್ದಾಡಿದಾಗ. ವೆಬ್ ಪೇಜ್ ಕಟ್ಟುವ ರಿಯಾಕ್ಟ್ ಅನ್ನೋ ಸಾಧನ ಕಲಿತದ್ದರಿಂದ ಇವು ಹೊಳೆಯುವುದಿಲ್ಲ. ಆರು ತಿಂಗಳು ಬಟನ್ ಎಲ್ಲಿ ಕೂರಬೇಕು ಅಂತ ಕಲಿತು ಬಂದವರಿಗೆ, ಉಳಿದ ಮೂರು ತಿಂಗಳಲ್ಲಿ ಈ ಕಣ್ಣು ಬರುವುದು ಕಷ್ಟ.

ಇನ್ನೊಂದು ವಿಷಯ, ಕಲಿತದ್ದು ಎಷ್ಟು ದಿನ ಬಾಳುತ್ತದೆ ಅನ್ನುವುದು. ವೆಬ್‌ನ ಮುಂಭಾಗದ ಕಡೆ ಸಾಧನಗಳು ಬಹಳ ಬೇಗ ಬದಲಾಗುತ್ತವೆ. 2006ರಲ್ಲಿ ಜೆಕ್ವೆರಿ ಬಂತು, 2010ರಲ್ಲಿ ಆಂಗ್ಯುಲರ್, 2013ರಲ್ಲಿ ರಿಯಾಕ್ಟ್. ಆ ದಾರಿಯಲ್ಲೇ ಇರುವವರು ಜೊತೆಜೊತೆಗೆ ಕಲಿಯುತ್ತಾ ಹೋಗುತ್ತಾರೆ, ಅದು ಅವರ ಕಸುಬು. ಆದರೆ ನೀವು ಅದನ್ನು ಕಲಿತು ಎರಡು ವರ್ಷ ಮುಟ್ಟದಿದ್ದರೆ ಮರೆತೂ ಹೋಗುತ್ತದೆ, ಹಳೆಯದೂ ಆಗಿರುತ್ತದೆ. ಈಗ ಡೇಟಾ ಕಡೆ ನೋಡಿ. ಡೇಟಾಬೇಸಿನಿಂದ ಅಂಕಿ ಕೇಳಿ ಪಡೆಯುವ ಭಾಷೆ ಎಸ್‌ಕ್ಯೂಎಲ್ ಶುರುವಾಗಿದ್ದು 1974ರಲ್ಲಿ, ಐಬಿಎಂನಲ್ಲಿ. ಐವತ್ತು ವರ್ಷ ಕಳೆದರೂ ಇವತ್ತು ಬೆಳಿಗ್ಗೆ ನಾನು ಮೊದಲು ಬರೆದದ್ದು ಎಸ್‌ಕ್ಯೂಎಲ್‌ನ ನಾಲ್ಕು ಸಾಲು. ಅಂಕಿಗಳ ನಡುವೆ ಗೆರೆ ಕೂರಿಸುವ ಲೀಸ್ಟ್ ಸ್ಕ್ವೇರ್ಸ್ ವಿಧಾನವನ್ನು ಲೆಜಾಂಡ್ರ್ ಪ್ರಕಟಿಸಿದ್ದು 1805ರಲ್ಲಿ. ಅದನ್ನೂ ನಾವು ಈಗಲೂ ಬಳಸುತ್ತೇವೆ. ನಿಮ್ಮ ಹತ್ತಿರ ಸಮಯ, ದುಡ್ಡು ಎರಡೂ ಕಮ್ಮಿ ಇರುವಾಗ ಹೆಚ್ಚು ದಿನ ಬಾಳುವುದಕ್ಕೆ ಮೊದಲು ಹಾಕಿ.

ಸರಿ, ಹಾಗಾದರೆ ವೆಬ್ ಎಲ್ಲಿ ಬೇಕು? ಅಡಿಕೆ ಪ್ರಾಜೆಕ್ಟಿನಲ್ಲೇ ನೋಡಿ. ದರ ಎಲ್ಲಿಂದ ತರುತ್ತೀರಿ? ದಿನಾ ಕೈಯಲ್ಲಿ ಟೈಪ್ ಮಾಡೋಕಾಗಲ್ಲ. ದರದ ಪೇಜನ್ನು ಕ್ರೋಮ್‌ನಲ್ಲಿ ತೆರೆದು, ಕೋಷ್ಟಕದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿ. ಪಕ್ಕದಲ್ಲಿ ಪೇಜಿನ ಒಳಭಾಗ ಕಾಣುತ್ತದೆ. ಟೇಬಲ್ ಅಂತ ಒಂದು ಟ್ಯಾಗ್, ಅದರೊಳಗೆ ಸಾಲಿಗೆ ಟಿಆರ್, ಒಂದೊಂದು ಮನೆಗೆ ಟಿಡಿ. ಇಷ್ಟು ಗುರುತಿಸಲು ಬಂದರೆ ಪಾಂಡಾಸ್‌ನ ರೀಡ್ ಎಚ್‌ಟಿಎಂಎಲ್ ಅನ್ನೋ ಫಂಕ್ಷನ್ ಆ ಕೋಷ್ಟಕವನ್ನು ನೇರ ಎತ್ತಿಕೊಡುತ್ತದೆ. ಇದು ಒಂದು ಮಧ್ಯಾಹ್ನದ ಕಲಿಕೆ.

ಕೆಲವು ಸಲ ಎತ್ತಿಕೊಡುವುದಿಲ್ಲ. ಬ್ರೌಸರ್‌ನಲ್ಲಿ ಕೋಷ್ಟಕ ಕಾಣುತ್ತಿದೆ, ಪೈಥಾನ್‌ಗೆ ಮಾತ್ರ ಖಾಲಿ ಪೇಜ್ ಸಿಗುತ್ತಿದೆ. ಹೊಸಬರು ಇಲ್ಲಿ ಎರಡು ದಿನ ತಲೆ ಕೆಡಿಸಿಕೊಳ್ಳುತ್ತಾರೆ. ಆಗಿದ್ದು ಇಷ್ಟೇ: ಪೇಜ್ ಮೊದಲು ಖಾಲಿ ಬರುತ್ತದೆ, ಆಮೇಲೆ ಜಾವಾಸ್ಕ್ರಿಪ್ಟ್ ಹೋಗಿ ಅಂಕಿಗಳನ್ನು ತಂದು ತುಂಬುತ್ತದೆ. ಪೈಥಾನ್ ಆ ಮೊದಲ ಖಾಲಿ ಪೇಜನ್ನಷ್ಟೇ ನೋಡಿದೆ. ಅದೇ ಇನ್‌ಸ್ಪೆಕ್ಟ್ ಕಿಟಕಿಯಲ್ಲಿ ನೆಟ್‌ವರ್ಕ್ ಅನ್ನೋ ಟ್ಯಾಬ್ ಇದೆ. ಅದನ್ನು ತೆರೆದಿಟ್ಟು ಪೇಜನ್ನು ರಿಫ್ರೆಶ್ ಮಾಡಿ. ಅಂಕಿಗಳನ್ನು ಹೊತ್ತು ತಂದ ಮನವಿ ಅಲ್ಲೇ ಸಾಲಿನಲ್ಲಿ ಕಾಣುತ್ತದೆ, ಹೆಚ್ಚಾಗಿ ಜೇಸನ್ ಅನ್ನೋ, ಪ್ರೋಗ್ರಾಮ್ ಸುಲಭವಾಗಿ ಓದುವ ಪಠ್ಯದ ರೂಪದಲ್ಲಿ. ನೀವೂ ಅದೇ ವಿಳಾಸವನ್ನು ಕೇಳಬಹುದು. ಉತ್ತರದ ಜೊತೆ ಒಂದು ಸಂಖ್ಯೆ ಬರುತ್ತದೆ. 200 ಅಂದರೆ ಸಿಕ್ಕಿತು. 404 ಅಂದರೆ ಆ ವಿಳಾಸದಲ್ಲಿ ಏನೂ ಇಲ್ಲ. 429 ಅಂದರೆ ನೀವು ಬಹಳ ಬೇಗ ಬೇಗ ಕೇಳುತ್ತಿದ್ದೀರಿ, ಸ್ವಲ್ಪ ತಡೆಯಿರಿ. ಇಷ್ಟು ತಿಳಿದರೆ ನಿಮಗೆ ಬೇಕಾದ ವೆಬ್‌ನ ಅರ್ಧ ಬಂದ ಹಾಗೆ.

ಒಂದು ಮಾತು ನೆನಪಿರಲಿ. ಸರ್ಕಾರಿ ಸರ್ವರ್ ಮೇಲೆ ಸೆಕೆಂಡಿಗೆ ಹತ್ತು ಸಲ ಮನವಿ ಸುರಿಯಬೇಡಿ. ಅದೇ ಪೇಜನ್ನು ರೈತರೂ ನೋಡುತ್ತಿರುತ್ತಾರೆ. ಒಂದೊಂದು ಮನವಿಯ ನಡುವೆ ಎರಡು ಮೂರು ಸೆಕೆಂಡ್ ಬಿಡಿ. ಆ ಸೈಟಿನ ನಿಯಮ ಏನು ಹೇಳುತ್ತದೆ ಅಂತಲೂ ಮೊದಲು ಓದಿ. ಕೇಂದ್ರ ಸರ್ಕಾರದ ಡೇಟಾ ಪೋರ್ಟಲ್‌ನಲ್ಲಿ ಮಂಡಿ ದರಗಳಿಗೆ ಎಪಿಐ, ಅಂದರೆ ಪ್ರೋಗ್ರಾಮ್ ನೇರವಾಗಿ ಡೇಟಾ ಕೇಳುವ ದಾರಿ, ಇದೆ. ಉಚಿತವಾಗಿ ನೋಂದಾಯಿಸಿಕೊಂಡರೆ ಕೀ ಕೊಡುತ್ತಾರೆ. ಎಪಿಐ ಇರುವ ಕಡೆ ಅದನ್ನೇ ಬಳಸಿ.

ಡೇಟಾ ತರುವುದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣಕ್ಕೆ ವೆಬ್ ಗೊತ್ತಿರಬೇಕು. ಕಂಪನಿಗಳ ಡೇಟಾ ಬಹುಪಾಲು ಹುಟ್ಟುವುದೇ ಯಾವುದೋ ಫಾರ್ಮಿನಲ್ಲಿ, ಯಾವುದೋ ಆ್ಯಪಿನಲ್ಲಿ. ಅದು ಹೇಗೆ ಹುಟ್ಟಿತು ಅಂತ ಗೊತ್ತಿಲ್ಲದೆ ಅದರ ಅರ್ಥ ಹೇಳೋಕೆ ಹೋದರೆ ಮೋಸ ಹೋಗುತ್ತೀರಿ. ನಾನು ಹೋಗಿದ್ದೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಗ್ರಾಹಕರ ವಯಸ್ಸಿಗೂ ಖರೀದಿಗೂ ಏನು ಸಂಬಂಧ ಅಂತ ನೋಡಲು ಹೇಳಿದ್ದರು. ಒಂದು ವಯಸ್ಸಿನ ಹತ್ತಿರ ಗ್ರಾಫ್ ಇದ್ದಕ್ಕಿದ್ದಂತೆ ಗೋಪುರದ ಹಾಗೆ ಎದ್ದು ನಿಂತಿತು. ಆ ವಯಸ್ಸಿನವರು ನಮ್ಮ ದೊಡ್ಡ ಗ್ರಾಹಕರು ಅಂತ ನಾನು ಸ್ಲೈಡ್ ಕೂಡ ಮಾಡಿದೆ. ಮೀಟಿಂಗಿನ ಹಿಂದಿನ ಸಂಜೆ ಹುಟ್ಟಿದ ದಿನಾಂಕಗಳನ್ನು ಒಂದೊಂದೇ ನೋಡುತ್ತಾ ಹೋದೆ. ಸಾವಿರಾರು ಜನ ಜನವರಿ 1, 1990ರಂದೇ ಹುಟ್ಟಿದ್ದರು. ಆ ವೆಬ್ ಫಾರ್ಮಿನಲ್ಲಿ ಜನ್ಮದಿನದ ಜಾಗಕ್ಕೆ ಮೊದಲೇ ಆ ದಿನಾಂಕ ಕೂರಿಸಿದ್ದರು. ಅವಸರದಲ್ಲಿದ್ದವರು ಅದನ್ನು ಬದಲಾಯಿಸದೆ ಹಾಗೇ ಮುಂದಕ್ಕೆ ಒತ್ತಿದ್ದರು. ನನ್ನ ಗೋಪುರದಲ್ಲಿ ಇದ್ದದ್ದು ಅವಸರದ ಜನ, ಆ ವಯಸ್ಸಿನ ಜನ ಅಲ್ಲ. ಫಾರ್ಮ್‌ಗೆ ಡೀಫಾಲ್ಟ್ ಅಂತ ಒಂದಿರುತ್ತದೆ ಅನ್ನುವಷ್ಟು ವೆಬ್ ಗೊತ್ತಿದ್ದಿದ್ದರೆ ನನಗೆ ಮೊದಲ ದಿನವೇ ಹೊಳೆಯುತ್ತಿತ್ತು.

ಇಂಥವು ಇನ್ನೂ ಇವೆ. ಸಬ್‌ಮಿಟ್ ಬಟನ್ ಎರಡು ಸಲ ಒತ್ತಿದರೆ ಒಂದೇ ಆರ್ಡರ್ ಎರಡು ಸಾಲಾಗಿ ಕೂರಬಹುದು. ಸರ್ವರ್‌ಗಳು ಸಾಮಾನ್ಯವಾಗಿ ಸಮಯವನ್ನು ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿ ಬರೆದಿಡುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಂಗಳವಾರ ಬೆಳಗಿನ ಜಾವ 2 ಗಂಟೆಗೆ ಬಂದ ಆರ್ಡರ್ ಅಲ್ಲಿ ಸೋಮವಾರ ರಾತ್ರಿ ಎಂಟೂವರೆ ಆಗಿರುತ್ತದೆ. ಇದನ್ನು ಸರಿಪಡಿಸದೆ ದಿನವಾರು ಲೆಕ್ಕ ಹಾಕಿದರೆ, ಪ್ರತಿ ದಿನದ ಒಂದಷ್ಟು ಆರ್ಡರ್ ಹಿಂದಿನ ದಿನಕ್ಕೆ ಜಾರುತ್ತದೆ. ಇದನ್ನೆಲ್ಲ ಹಿಡಿಯಲು ನೀವು ವೆಬ್‌ಸೈಟ್ ಕಟ್ಟಬೇಕಿಲ್ಲ. ವೆಬ್‌ಸೈಟ್ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಿದ್ದರೆ ಸಾಕು.

ಮೂರನೆಯದು, ಮಾಡಿದ ಕೆಲಸವನ್ನು ಬಡಿಸುವುದು. ಇದರಲ್ಲೂ ನನ್ನದೊಂದು ನೋವಿನ ಕತೆ ಇದೆ. ಔಷಧಿ ಸರಬರಾಜು ಮಾಡುವ ಒಂದು ಕಂಪನಿಗೆ, ಯಾವ ಊರಿಗೆ ಎಷ್ಟು ಸ್ಟಾಕ್ ಬೇಕಾಗಬಹುದು ಅಂತ ಅಂದಾಜು ಹೇಳುವ ಮಾಡೆಲ್ ಮಾಡಿದ್ದೆ. ನಾಲ್ಕು ತಿಂಗಳ ಕೆಲಸ. ಅಂದಾಜು ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದು ನನ್ನ ಲ್ಯಾಪ್‌ಟಾಪಿನ ಜುಪಿಟರ್ ನೋಟ್‌ಬುಕ್ಕಿನಲ್ಲಿತ್ತು, ಅಂದರೆ ಕೋಡ್ ಬರೆದು ಅಲ್ಲೇ ನಡೆಸುವ ಫೈಲಿನಲ್ಲಿ. ಗೋಡೌನಿನವರು ಫೋನ್ ಮಾಡಿ ಕೇಳಬೇಕಿತ್ತು, ನಾನು ನಡೆಸಿ ಹೇಳಬೇಕಿತ್ತು. ಒಂದು ತಿಂಗಳಲ್ಲಿ ಫೋನ್ ಬರುವುದು ನಿಂತಿತು. ಅವರು ತಮ್ಮ ಹಳೆಯ ಲೆಕ್ಕದ ಪುಸ್ತಕಕ್ಕೇ ಹೋದರು. ಆಮೇಲೆ ಟೀಮಿನಲ್ಲಿದ್ದ ಒಬ್ಬ ವೆಬ್ ಡೆವಲಪರ್ ನನ್ನ ಪಕ್ಕ ಕೂತು ಎರಡು ದಿನದಲ್ಲಿ ಒಂದು ಪೇಜ್ ಮಾಡಿಕೊಟ್ಟರು. ಊರಿನ ಹೆಸರು ಆರಿಸುವ ಒಂದು ಪಟ್ಟಿ, ಒಂದು ಬಟನ್, ಕೆಳಗೆ ಒಂದು ಕೋಷ್ಟಕ. ಅಷ್ಟೇ. ಅದನ್ನು ಗೋಡೌನಿನವರು ದಿನಾ ಬೆಳಿಗ್ಗೆ ತೆರೆಯಲು ಶುರು ಮಾಡಿದರು. ಆ ವೆಬ್ ಡೆವಲಪರ್ ಮೇಲೆ ನನಗೆ ಇವತ್ತಿಗೂ ಗೌರವ. ಆ ಪೇಜ್ ಇಲ್ಲದಿದ್ದರೆ ನನ್ನ ನಾಲ್ಕು ತಿಂಗಳು ನೀರಲ್ಲಿ ಹೋಮ.

ಆಗ ಅಂಥ ಪೇಜಿಗೆ ಇನ್ನೊಬ್ಬರ ಕೈ ಬೇಕಿತ್ತು. ಈಗ ಬೇಕಿಲ್ಲ. 2019ರಲ್ಲಿ ಬಂದ ಸ್ಟ್ರೀಮ್‌ಲಿಟ್‌ನಲ್ಲಿ ಬರೀ ಪೈಥಾನ್ ಬರೆದು, ಎಚ್‌ಟಿಎಂಎಲ್ ಮುಟ್ಟದೆ, ಮೂವತ್ತು ನಲವತ್ತು ಸಾಲಿನಲ್ಲಿ ಅದೇ ಥರದ ಪೇಜ್ ಮಾಡಬಹುದು. ಗ್ರೇಡಿಯೋ ಕೂಡ ಇದೇ ಕೆಲಸಕ್ಕೆ ಇದೆ. ಸ್ಟ್ರೀಮ್‌ಲಿಟ್ ಪೇಜನ್ನು ಪುಕ್ಕಟೆ ಇಂಟರ್ನೆಟ್‌ಗೆ ಹಾಕಬಹುದು, ಲಿಂಕನ್ನು ಅಪ್ಪನಿಗೆ ವಾಟ್ಸಾಪ್ ಮಾಡಬಹುದು. ಮುಂದೆ ನಿಮ್ಮ ಮಾಡೆಲ್ ಬೇರೆ ಸಾಫ್ಟ್‌ವೇರ್‌ಗೆ ಉತ್ತರ ಕೊಡಬೇಕಾದಾಗ ಫ್ಲಾಸ್ಕ್ ಅಥವಾ ಫಾಸ್ಟ್‌ಎಪಿಐ ಕಲಿಯಿರಿ. ಅದು ಮೊದಲ ವರ್ಷದ ಮಾತಲ್ಲ.

ಈಗ ನೀವು ಪತ್ರದಲ್ಲಿ ಹಗುರಾಗಿ ಹೇಳಿ ಮುಂದೆ ಹೋದ ಒಂದು ಮಾತಿಗೆ ಬರುತ್ತೇನೆ. ಗಣಿತ ಅಂದರೆ ಒಂಚೂರು ಭಯ ಅಂದಿರಿ. ನನಗೆ ಅದೇ ಮುಖ್ಯ ಅನ್ನಿಸಿತು. ವೆಬ್ ಮೊದಲು ಕಲಿಯುತ್ತೇನೆ ಅನ್ನುವವರಲ್ಲಿ ಬಹಳ ಜನ ನಿಜವಾಗಿ ಮಾಡುತ್ತಿರುವುದು ಗಣಿತವನ್ನು ಮುಂದೂಡುವ ಕೆಲಸ. ಆರು ತಿಂಗಳು ಏನೋ ಕಲಿತ ಸಮಾಧಾನ ಇರುತ್ತದೆ. ಏಳನೇ ತಿಂಗಳು ಅದೇ ಗಣಿತ ಬಾಗಿಲಲ್ಲಿ ನಿಂತಿರುತ್ತದೆ, ಭಯ ಒಂದು ಗುಲಗಂಜಿಯಷ್ಟೂ ಕಮ್ಮಿ ಆಗಿರುವುದಿಲ್ಲ.

ಶುರುವಿಗೆ ಬೇಕಾದ ಗಣಿತ ನೀವು ಅಂದುಕೊಂಡಷ್ಟಿಲ್ಲ. ಸರಾಸರಿ, ಮಧ್ಯದ ಬೆಲೆ, ಹರಡಿಕೆ. ಸಂಭವ, ಅಂದರೆ ಪ್ರಾಬಬಿಲಿಟಿ. ಸ್ಯಾಂಪಲ್ ಅಂದರೆ ಏನು, ಸಣ್ಣ ಸ್ಯಾಂಪಲನ್ನು ಎಷ್ಟು ನಂಬಬಹುದು. ಎರಡು ಅಂಕಿ ಜೊತೆಜೊತೆಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾ? ಆಮೇಲೆ ರಿಗ್ರೆಶನ್, ಅಂದರೆ ಮೇಲೆ ಹೇಳಿದ ಹಾಗೆ ಅಂಕಿಗಳ ನಡುವೆ ಗೆರೆ ಕೂರಿಸುವುದು. ಮೇಲೆ ಹೇಳಿದ ಅಡಿಕೆಯ ಸರಾಸರಿ ನಿಮಗೆ ಅರ್ಥವಾಯಿತು ತಾನೆ? ಅದು ಸಂಖ್ಯಾಶಾಸ್ತ್ರದ ಪಾಠವೇ. ಪುಸ್ತಕದಲ್ಲಿ ಸೂತ್ರವಾಗಿ ಬಂದಿದ್ದರೆ ನೀವು ಪುಟ ತಿರುಗಿಸುತ್ತಿದ್ದಿರಿ. ಹಾಗಾಗಿ ಪ್ರತಿ ವಿಷಯವನ್ನೂ ನಿಮ್ಮ ಅಡಿಕೆ ಅಂಕಿಗಳ ಮೇಲೆ ಮಾಡಿ ನೋಡುತ್ತಾ ಕಲಿಯಿರಿ. ಮ್ಯಾಟ್ರಿಕ್ಸ್, ಕ್ಯಾಲ್ಕುಲಸ್ ಬೇಕಾಗುತ್ತದೆ, ಸುಳ್ಳು ಹೇಳುವುದಿಲ್ಲ. ಅದು ಮಾಡೆಲ್‌ಗಳ ಒಳಗೆ ಇಳಿಯುವಾಗ. ಅಷ್ಟೊತ್ತಿಗೆ ಭಯ ಇಷ್ಟಿರುವುದಿಲ್ಲ.

ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಆನ್‌ಲೈನ್ ಡೇಟಾ ಸೈನ್ಸ್ ಪದವಿಯ ಪಠ್ಯಕ್ರಮವನ್ನು ಒಂದು ಸಲ ನೋಡಿ. ಮೊದಲ ಹಂತದಲ್ಲಿ ಇರುವುದು ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯುಟೇಶನಲ್ ಥಿಂಕಿಂಗ್, ಪೈಥಾನ್, ಇಂಗ್ಲಿಷ್. ವೆಬ್ ಅಲ್ಲೂ ಇದೆ. ಅಪ್ಲಿಕೇಶನ್ ಡೆವಲಪ್‌ಮೆಂಟ್ ಅಂತ ಎರಡು ಕೋರ್ಸ್, ಅವೂ ಪ್ರಾಜೆಕ್ಟ್ ಸಮೇತ. ಆದರೆ ಅವು ಬರುವುದು ಆ ಮೊದಲ ಹಂತ ದಾಟಿದ ಮೇಲೆ, ಪ್ರೋಗ್ರಾಮಿಂಗ್ ಡಿಪ್ಲೊಮಾ ಹಂತದಲ್ಲಿ. ನಿಮ್ಮ ಕೋಚಿಂಗ್ ಸೆಂಟರಿನವರು ಹೇಳಿದ ಕ್ರಮದ ಪಕ್ಕ ಇದನ್ನಿಟ್ಟು ನೋಡಿದರೆ ನಿಮಗೇ ವ್ಯತ್ಯಾಸ ಕಾಣುತ್ತದೆ.

ಹಾಗಾದರೆ ವೆಬ್ ಮೊದಲು ಕಲಿಯುವುದು ಯಾರಿಗೆ ಸರಿ? ಮನೆಗೆ ಆರು ತಿಂಗಳೊಳಗೆ ಸಂಬಳ ಬೇಕೇ ಬೇಕು ಅನ್ನುವವರಿಗೆ ಸರಿ. ಅಂಥವರಿಗೆ ನಾನು ಹೇಳುವುದು, ವೆಬ್ ಕಲಿತು ಕೆಲಸಕ್ಕೆ ಸೇರಿ, ಆದರೆ ಆದಷ್ಟು ಬ್ಯಾಕೆಂಡ್, ಅಂದರೆ ಸರ್ವರ್ ಕಡೆ ಸೇರಿ. ಅಲ್ಲಿ ಡೇಟಾಬೇಸ್ ಕೈಗೆ ಸಿಗುತ್ತದೆ. ರಿಪೋರ್ಟ್ ಮಾಡೋ ಕೆಲಸ ಬಂದರೆ ಬಿಡದೆ ಕೇಳಿ ಪಡೆಯಿರಿ. ಎರಡು ವರ್ಷದಲ್ಲಿ ಅದೇ ಕಂಪನಿಯ ಒಳಗೆ ಡೇಟಾ ಟೀಮಿಗೆ ದಾಟಿದವರನ್ನು ನಾನು ನೋಡಿದ್ದೇನೆ. ಮಾಡೆಲ್ ಮಾಡುವುದಕ್ಕಿಂತ ಮಾಡೆಲನ್ನು ಲಕ್ಷಾಂತರ ಜನ ಬಳಸುವ ಹಾಗೆ ನಡೆಸುವುದರಲ್ಲಿ ಆಸಕ್ತಿ ಇರುವವರಿಗೂ ವೆಬ್ ಕಡೆಯಿಂದ ಬರುವುದು ಲಾಭವೇ, ಅವರನ್ನು ಎಂಎಲ್ (ಮಷೀನ್ ಲರ್ನಿಂಗ್) ಎಂಜಿನಿಯರ್ ಅಂತಾರೆ. ಪತ್ರಿಕೆಗಳಲ್ಲಿ ಬರುವಂಥ ಆಡಿಸಿ ನೋಡುವ ಗ್ರಾಫ್ ಮಾಡುವ ಆಸೆ ಇದ್ದರೆ ಜಾವಾಸ್ಕ್ರಿಪ್ಟ್ ಬೇಕು. ಇನ್ನೂ ಒಂದಿದೆ: ಪೇಜ್ ಕಟ್ಟುವಾಗಲೇ ನಿಮಗೆ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ ಅಂದರೆ, ಅದೇ ನಿಮ್ಮ ದಾರಿ. ಡೇಟಾ ಸೈನ್ಸ್ ಅನ್ನೋ ಹೆಸರಿಗಾಗಿ ಅದನ್ನು ಬಿಡಬೇಡಿ.

ನಿಮ್ಮ ಪತ್ರದಲ್ಲಿ ಇವು ಯಾವುದೂ ನನಗೆ ಕಾಣಲಿಲ್ಲ. ಅದಕ್ಕೇ ಅಷ್ಟು ಗಟ್ಟಿಯಾಗಿ ಬೇಡ ಅಂದೆ.

ಕೆಲಸದ ಬಗ್ಗೆ ಒಂದು ನಿಜ ಹೇಳಬೇಕು. ಬಿಸಿಎ ಮುಗಿಸಿದ ಕೂಡಲೇ ಡೇಟಾ ಸೈಂಟಿಸ್ಟ್ ಅನ್ನೋ ಹೆಸರಿನ ಕೆಲಸ ಸಿಗುವುದು ಅಪರೂಪ. ಹೆಚ್ಚಿನ ಕಡೆ ಅನುಭವ ಅಥವಾ ಎಂಎಸ್ಸಿ, ಎಂಟೆಕ್ ಕೇಳುತ್ತಾರೆ. ನಿಮ್ಮ ಮೊದಲ ಕೆಲಸದ ಹೆಸರು ಡೇಟಾ ಅನಲಿಸ್ಟ್ ಇರಬಹುದು, ಕಂಪನಿಯ ರಿಪೋರ್ಟ್‌ಗಳನ್ನು ತಯಾರಿಸುವ ಎಂಐಎಸ್ ಎಕ್ಸಿಕ್ಯುಟಿವ್ ಇರಬಹುದು. ಅದಕ್ಕೆ ಬೇಸರ ಬೇಡ. ಆ ಇಂಟರ್‌ವ್ಯೂಗಳಲ್ಲಿ ಕೇಳುವುದು ಎಕ್ಸೆಲ್, ಎಸ್‌ಕ್ಯೂಎಲ್, ಗ್ರಾಫ್, ರಿಪೋರ್ಟ್ ಮಾಡುವ ಪವರ್ ಬಿಐ, ಸ್ವಲ್ಪ ಪೈಥಾನ್. ರಿಯಾಕ್ಟ್ ಕೇಳುವುದಿಲ್ಲ. ನಿಮ್ಮ ಆರು ತಿಂಗಳನ್ನು ಕೇಳದೇ ಇರುವುದರ ಮೇಲೆ ಯಾಕೆ ಹಾಕಬೇಕು?

ಇನ್ನು ಆ ಆರು ತಿಂಗಳು ಹೇಗೆ ಬಳಸಬೇಕು ಅಂದರೆ, ದಿನಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಮೊದಲ ಎರಡು ತಿಂಗಳು ಮುಖ್ಯವಾಗಿ ಪೈಥಾನ್ ಮತ್ತು ಎಸ್‌ಕ್ಯೂಎಲ್. ಎಸ್‌ಕ್ಯೂಎಲ್‌ಗೆ ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ, ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಪೈಥಾನ್ ಜೊತೆಗೇ ಬರುತ್ತದೆ. ಲ್ಯಾಪ್‌ಟಾಪ್ ಹಳೆಯದಾದರೆ ಗೂಗಲ್ ಕೊಲ್ಯಾಬ್‌ನಲ್ಲಿ ಮಾಡಿ, ಬ್ರೌಸರ್ ಇದ್ದರೆ ಸಾಕು. ಸಂಖ್ಯಾಶಾಸ್ತ್ರವನ್ನು ಮೊದಲ ದಿನದಿಂದಲೇ ದಿನಕ್ಕೆ ಅರ್ಧ ಗಂಟೆ ಓದುತ್ತಾ ಬನ್ನಿ, ಒಂದೇ ಸಲ ಗುಡ್ಡೆ ಹಾಕಿಕೊಂಡು ಓದಬೇಡಿ. ಐಐಟಿಗಳ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟೆಲ್‌ನ ಪಾಠಗಳು ನೋಡಲು ಪುಕ್ಕಟೆ. ಮೂರನೇ ತಿಂಗಳು ಅಡಿಕೆ ಡೇಟಾ ತನ್ನಿ. ನಾನು ಹೇಳಿದ ಆ ಮೂರು ವಾರದ ವೆಬ್ ಬರುವುದು ಆಗ. ನಾಲ್ಕನೇ ತಿಂಗಳು ಪೂರ್ತಿ ಆ ಡೇಟಾ ತೊಳೆಯುವುದಕ್ಕೆ ಹೋದರೂ ಗಾಬರಿ ಬೇಡ, ಎಲ್ಲರಿಗೂ ಹಾಗೇ. ಮಾಡೆಲ್ ಆಮೇಲೆ. ಮಾಡಿದ್ದನ್ನೆಲ್ಲ ಗಿಟ್‌ಹಬ್‌ನಲ್ಲಿ, ಅಂದರೆ ಕೋಡ್ ಇಟ್ಟು ಬೇರೆಯವರಿಗೆ ತೋರಿಸುವ ಆನ್‌ಲೈನ್ ಜಾಗದಲ್ಲಿ, ಇಡುತ್ತಾ ಹೋಗಿ.

ಟೈಟಾನಿಕ್ ಹಡಗಿನ ಪ್ರಯಾಣಿಕರ ಡೇಟಾ, ಐರಿಸ್ ಹೂವಿನ ಡೇಟಾ ಎಲ್ಲರೂ ಅಭ್ಯಾಸಕ್ಕೆ ಮಾಡುತ್ತಾರೆ, ನೀವೂ ಮಾಡಿ. ರೆಸ್ಯೂಮೆಯಲ್ಲಿ ಮಾತ್ರ ಅವನ್ನು ಹಾಕಬೇಡಿ. ಐರಿಸ್‌ನಲ್ಲಿ 150 ಹೂವಿನ ಅಳತೆ ಇದೆ, 1936ರಿಂದ ತೊಳೆದು ಒರೆಸಿ ಇಟ್ಟ ಡೇಟಾ ಅದು. ಇಂಟರ್‌ವ್ಯೂನಲ್ಲಿ ಕೂತಾಗ ನಾನು ಅದನ್ನು ನೂರಾರು ಸಲ ನೋಡಿದ್ದೇನೆ. ರಾಶಿ, ಗೊರಬಲು ಸೇರಿಸಿ ಸರಾಸರಿ ಮಾಡಿದಾಗ ಏನು ಎಡವಟ್ಟಾಯಿತು ಅಂತ ಒಬ್ಬ ಅಭ್ಯರ್ಥಿ ಹೇಳಲು ಶುರು ಮಾಡಿದರೆ ನಾನು ಪೆನ್ನು ಕೆಳಗಿಟ್ಟು ಕೇಳುತ್ತೇನೆ.

ಅಪ್ಪನವರಿಗೆ ಹೇಳಿ, ಆ ದುಡ್ಡು ಸದ್ಯಕ್ಕೆ ಹಾಗೇ ಇರಲಿ. ಲ್ಯಾಪ್‌ಟಾಪ್ ತೀರಾ ಹಳೆಯದಾಗಿದ್ದರೆ ಅದರಲ್ಲಿ ಸ್ವಲ್ಪ ಅದಕ್ಕೆ ಬಳಸಿ. ಉಳಿದದ್ದು ಮುಂದೆ ಎಂಎಸ್ಸಿಗೋ ಎಂಸಿಎಗೋ ಬೇಕಾಗಬಹುದು. ನಿಮ್ಮ ಅಣ್ಣನನ್ನೂ ಬಿಡಬೇಡಿ. ನೆಟ್‌ವರ್ಕ್ ಟ್ಯಾಬ್ ಅರ್ಥವಾಗದಿದ್ದರೆ ಒಂದು ಭಾನುವಾರ ಅವರನ್ನು ಕೂರಿಸಿಕೊಂಡು ಕೇಳಿ. ಒಬ್ಬ ವೆಬ್ ಡೆವಲಪರ್ ಅದನ್ನು ಅರ್ಧ ಗಂಟೆಯಲ್ಲಿ ತೋರಿಸಿಕೊಡುತ್ತಾರೆ.

ಇವತ್ತೇ ಏನಾದರೂ ಶುರು ಮಾಡಬೇಕು ಅಂತಿದ್ದರೆ ಒಂದು ಕೆಲಸ ಹೇಳುತ್ತೇನೆ. ಬೆಳೆಗಾರರ ಮನೆಯಲ್ಲಿ ಮಂಡಿಯ ಹಳೆಯ ಬಿಲ್ಲುಗಳು ಒಂದು ಡಬ್ಬಿಯಲ್ಲೋ ಕ್ಯಾಲೆಂಡರ್ ಹಿಂದಿನ ಮೊಳೆಯಲ್ಲೋ ಇದ್ದೇ ಇರುತ್ತವೆ. ತೆಗೆದು ಒಂದು ಶೀಟಿನಲ್ಲಿ ಹಾಕಿ. ದಿನಾಂಕ, ಬಗೆ, ತೂಕ, ದರ, ಇಷ್ಟೇ ನಾಲ್ಕು ಕಾಲಂ. ಬಗೆ ಬರೆಯದ ಬಿಲ್ಲು ಸಿಕ್ಕರೆ ಅಂದಾಜಿನಲ್ಲಿ ತುಂಬಬೇಡಿ, ಖಾಲಿ ಬಿಟ್ಟು ಅಪ್ಪನನ್ನು ಕೇಳಿ.